ಒಂಬತ್ತು ಲಕ್ಷದಲ್ಲಿ ಯಂತ್ರಕ್ಕೆಷ್ಟು, ಅದನ್ನು ನಡೆಸಲು ಎಷ್ಟು?

ಪ್ರಶ್ನೆ: ನಮ್ಮದು ಮಂಜೇಶ್ವರ ತಾಲೂಕಿನ ಒಳಪ್ರದೇಶದ ಯುವಕ ಸಂಘ. ಬಯಲಾಟ, ಕಬಡ್ಡಿ ಪಂದ್ಯಾಟ, ಮನೆಮನೆಯ ವಂತಿಗೆ, ಗಲ್ಫಿನಲ್ಲಿರುವ ಊರವರ ಭರವಸೆ ಎಲ್ಲ ಸೇರಿ ಸುಮಾರು ಒಂಬತ್ತು ಲಕ್ಷ ರೂಪಾಯಿ ಆಗುತ್ತದೆ. ಹತ್ತಿರದ ಸಮುದಾಯ ಆರೋಗ್ಯ ಕೇಂದ್ರಕ್ಕೆ ಡಯಾಲಿಸಿಸ್ ಯಂತ್ರ ಕೊಡಬೇಕೆಂಬುದು ಹೆಚ್ಚಿನವರ ಆಸೆ, ಕೆಲವರು ಎಕ್ಸ್‌ರೇ ಸಾಕು ಅನ್ನುತ್ತಾರೆ. ದುಬೈಯಲ್ಲಿರುವ ಒಬ್ಬರು ಅಲ್ಲಿನ ಆಸ್ಪತ್ರೆ ಬದಲಾಯಿಸುತ್ತಿರುವ ಮಾನಿಟರು, ವೆಂಟಿಲೇಟರು ಕಳಿಸುತ್ತೇನೆ ಎಂದಿದ್ದಾರೆ. ಕೆಲವು ವರ್ಷಗಳ ಹಿಂದೆ ಸಂಘ ಕೊಟ್ಟ ಇಸಿಜಿ ಯಂತ್ರ ಈಗ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿದೆ. ಈ ಸಲ ಹಾಗಾಗಬಾರದು. ಹಣ ಕೊಡುವುದೇ, ಯಂತ್ರವನ್ನೇ ಕೊಡುವುದೇ? ಯಾವುದು ಕೊಟ್ಟರೆ ಉಪಯೋಗ? ಕಾಗದಪತ್ರ ಏನೇನು ಬೇಕು?

ಉತ್ತರ: ಮೊದಲು ಆ ಇಸಿಜಿಯ ಬಟ್ಟೆ ಸರಿಸಿ ನೋಡಿ. ಇಂಥ ಯಂತ್ರಗಳು ಒಳಗಿನಿಂದ ಕೆಡುವುದು ಅಪರೂಪ. ರೋಗಿಯ ಮೈಗೆ ಸೇರಿಸುವ ಕೇಬಲಿನಲ್ಲಿ ಹತ್ತು ತಂತಿಗಳಿರುತ್ತವೆ, ಕೈಕಾಲಿಗೆ ನಾಲ್ಕು, ಎದೆಗೆ ಆರು. ಪ್ರತಿ ಸಲ ಸುತ್ತಿ ಇಡುವಾಗ ಕ್ಲಿಪ್ಪಿನ ಬುಡದಲ್ಲಿ ತಂತಿ ಮಡಚಿ, ಹೊರಗಿನ ರಬ್ಬರು ಸರಿಯಾಗಿ ಕಂಡರೂ ಒಳಗೆ ತುಂಡಾಗಿರುತ್ತದೆ. ಎದೆಗೆ ಅಂಟಿಸುವ ರಬ್ಬರು ಬಲ್ಬುಗಳು ಬಿರಿದು ಗಾಳಿ ಹಿಡಿಯುವುದಿಲ್ಲ, ಅವುಗಳ ಲೋಹದ ಬಟ್ಟಲು ಬೆವರು, ಜೆಲ್ಲು, ಕರಾವಳಿಯ ಉಪ್ಪುಗಾಳಿಗೆ ಕಪ್ಪಾಗಿರುತ್ತದೆ. ಇನ್ನೊಂದು, ಕಾಗದದ ಸುರುಳಿ. ಕೆಲವು ಯಂತ್ರಗಳಿಗೆ ಆ ಕಂಪೆನಿಯ ಅಳತೆಯ ಥರ್ಮಲ್ ಕಾಗದವೇ ಆಗಬೇಕು, ಸ್ಟೋರಿನಲ್ಲಿ ಇರುವುದು ಬೇರೆ ಅಳತೆಯದು. ಕೇಬಲು, ಬಲ್ಬು, ಬ್ಯಾಟರಿ ಮೂರನ್ನೂ ಬದಲಾಯಿಸಿದರೂ ಹೊಸ ಯಂತ್ರದ ಬೆಲೆಯ ಸಣ್ಣ ಪಾಲು.

ಹಾಗಾದರೆ ಆಸ್ಪತ್ರೆಯವರು ಯಾಕೆ ಬದಲಾಯಿಸಲಿಲ್ಲ? ಉದಾಸೀನ ಎಂದು ಬೈಯುವ ಮುಂಚೆ ಸ್ಟಾಕ್ ರಿಜಿಸ್ಟರಿನಲ್ಲಿ ಆ ಯಂತ್ರ ಏರಿದೆಯೇ ಎಂದು ಕೇಳಿ. ಸರಕಾರಿ ಲೆಕ್ಕದಲ್ಲಿ ಇಲ್ಲದ ವಸ್ತುವಿಗೆ ರಿಪೇರಿ ಬಿಲ್ಲು ಪಾಸಾಗುವುದಿಲ್ಲ, ಆಡಿಟಿನವರು ಹಿಡಿಯುತ್ತಾರೆ. ಸಭೆ ಮಾಡಿ, ಶಾಲು ಹೊದೆಸಿ, ಫೋಟೋ ತೆಗೆಸಿ ಯಂತ್ರ ಕೊಟ್ಟಿರುತ್ತಾರೆ. ಆದರೆ ಇನ್‌ವಾಯ್ಸು ಸಂಘದ ಹೆಸರಿನಲ್ಲಿ, ವಾರಂಟಿ ಕಾರ್ಡು ಕೋಶಾಧಿಕಾರಿಯ ಮನೆಯ ಕಪಾಟಿನಲ್ಲಿ. ಆಗ ಇದ್ದ ಮೆಡಿಕಲ್ ಆಫೀಸರು ವರ್ಗವಾಗಿ ಹೋದ ಮೇಲೆ ಯಂತ್ರ ಯಾರದೆಂದೇ ಯಾರಿಗೂ ಗೊತ್ತಿಲ್ಲ. ದಾನ ಬಂದ ಉಪಕರಣಗಳು ಮೂಲೆ ಸೇರುವುದಕ್ಕೆ ನಮ್ಮ ಕಡೆ ಇದೇ ದೊಡ್ಡ ಕಾರಣ.

ಸರಕಾರವೇ ಕೊಂಡ ಯಂತ್ರಗಳ ಕಥೆಯೂ ತೀರಾ ಬೇರೆಯಲ್ಲ. ರಾಷ್ಟ್ರೀಯ ಆರೋಗ್ಯ ಮಿಷನ್ ರಾಜ್ಯಗಳಲ್ಲಿ ಉಪಕರಣಗಳ ಲೆಕ್ಕ ತೆಗೆದಾಗ ಶೇ. 13ರಿಂದ 34ರಷ್ಟು ಕೆಲಸ ಮಾಡದೆ ಬಿದ್ದಿರುವುದು ಕಂಡುಬಂತು. ಅದರ ಮೇಲೆಯೇ ಉಪಕರಣ ನಿರ್ವಹಣೆಗೆ ಪ್ರತ್ಯೇಕ ಕಾರ್ಯಕ್ರಮ ಬಂದದ್ದು. ಆದ್ದರಿಂದ ನಿಮ್ಮ ಲೆಕ್ಕ ಹೀಗಿರಲಿ: ಒಂಬತ್ತು ಲಕ್ಷ ಇದ್ದರೆ ಯಂತ್ರಕ್ಕೆ ಐದು, ಹೆಚ್ಚೆಂದರೆ ಐದೂವರೆ ಲಕ್ಷ. ಉಳಿದದ್ದು ಆ ಯಂತ್ರ ಎಂಟು ವರ್ಷ ನಡೆಯುವುದಕ್ಕೆ. ಈ ಮಾತು ಸಂಘದ ಸಭೆಯಲ್ಲಿ ರುಚಿಸಲಿಕ್ಕಿಲ್ಲ. ಆದರೂ ಇದೊಂದನ್ನು ಒಪ್ಪಿಸಿದರೆ ಮುಕ್ಕಾಲು ಕೆಲಸ ಆದ ಹಾಗೆ.

ಯಾರ ಬಳಿಗೆ ಹೋಗಬೇಕು ಎಂಬುದರಲ್ಲೂ ಗೊಂದಲ ಇರುತ್ತದೆ. ಕೇರಳದಲ್ಲಿ 1994ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಆಸ್ಪತ್ರೆಗಳು ಸ್ಥಳೀಯ ಸಂಸ್ಥೆಗಳ ಅಧೀನಕ್ಕೆ ಬಂದವು. ಪ್ರಾಥಮಿಕ ಆರೋಗ್ಯ ಕೇಂದ್ರ (ಈಗ ಹೆಚ್ಚಿನವು ಕುಟುಂಬ ಆರೋಗ್ಯ ಕೇಂದ್ರಗಳು) ಗ್ರಾಮ ಪಂಚಾಯತಿಗೆ, ಸಮುದಾಯ ಆರೋಗ್ಯ ಕೇಂದ್ರ ಬ್ಲಾಕ್ ಪಂಚಾಯತಿಗೆ, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿಗೆ. ನಿಮ್ಮದು ಸಮುದಾಯ ಆರೋಗ್ಯ ಕೇಂದ್ರವಾದ್ದರಿಂದ ಆಸ್ಪತ್ರೆ ನಿರ್ವಹಣಾ ಸಮಿತಿ, ಎಲ್ಲರ ಬಾಯಲ್ಲಿರುವ ಎಚ್‌ಎಂಸಿ, ಅದಕ್ಕೆ ಬ್ಲಾಕ್ ಪಂಚಾಯತ್ ಅಧ್ಯಕ್ಷರೇ ಅಧ್ಯಕ್ಷರು. ಮೆಡಿಕಲ್ ಆಫೀಸರು ಕಾರ್ಯದರ್ಶಿಯ ಕೆಲಸ ಮಾಡುತ್ತಾರೆ. ಡಾಕ್ಟರರೊಬ್ಬರು ‘ಆಗಲಿ, ಕೊಡಿ’ ಎಂದರೆ ಸಾಲದು. ಎಚ್‌ಎಂಸಿ ಸಭೆಯ ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಬೀಳಬೇಕು.

ನೀವು ಮೊದಲು ಕೊಡಬೇಕಾದ ಪತ್ರದಲ್ಲಿ ಯಂತ್ರದ ಹೆಸರೇ ಬೇಡ. ‘ನಮ್ಮಲ್ಲಿ ಇಷ್ಟು ಮೊತ್ತವಿದೆ. ಆಸ್ಪತ್ರೆಗೆ ತುರ್ತಾಗಿ ಬೇಕಾದ ಐದು ವಸ್ತುಗಳನ್ನು ಆದ್ಯತೆಯ ಕ್ರಮದಲ್ಲಿ ತಿಳಿಸಬೇಕು. ಪ್ರತಿಯೊಂದಕ್ಕೂ ನಡೆಸುವವರು ಯಾರು, ಎಲ್ಲಿ ಇಡುವುದು, ತಿಂಗಳ ಖರ್ಚು ಎಷ್ಟು, ಅದು ಯಾವ ಲೆಕ್ಕದಿಂದ ಎಂದು ಬರೆಯಬೇಕು’ ಎಂದು ಕೇಳಿ. ಈ ನಾಲ್ಕು ಕಲಮುಗಳನ್ನು ತುಂಬಿಸುವಾಗಲೇ ಅರ್ಧ ಪಟ್ಟಿ ತಾನಾಗಿ ಉದುರುತ್ತದೆ. ಡಾಕ್ಟರರ ಜೊತೆಗೆ ಹೆಡ್ ನರ್ಸ್, ಲ್ಯಾಬ್ ಟೆಕ್ನೀಷಿಯನ್, ಫಾರ್ಮಸಿಸ್ಟ್ ಇವರ ಮಾತೂ ಕೇಳಿ. ಯಾವುದು ಕೈಕೊಡುತ್ತದೆಂದು ನಿಜವಾಗಿ ಗೊತ್ತಿರುವುದು ಅವರಿಗೆ. ಅವರ ಉತ್ತರ ಕೆಲವೊಮ್ಮೆ ನಿರಾಸೆ ಹುಟ್ಟಿಸುವಷ್ಟು ಸಣ್ಣದಾಗಿರುತ್ತದೆ: ಒ.ಪಿ.ಯಲ್ಲಿ ಕೂರಲು ಬೆಂಚು, ಹೆಂಗಸರ ಶೌಚಾಲಯಕ್ಕೆ ನೀರು, ಲ್ಯಾಬಿಗೆ ಇನ್ವರ್ಟರು. ಹಾವು ಕಡಿದವರ ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಗೆ ಬೇಕಾದದ್ದು ಒಣಗಿದ ಶುಭ್ರ ಗಾಜಿನ ನಳಿಗೆ ಮತ್ತು ಒಂದು ಗಡಿಯಾರ. ಅಷ್ಟೇ ಇಲ್ಲದ ಕಡೆಗಳೂ ಇವೆ.

ಈಗ ಡಯಾಲಿಸಿಸ್. ಈ ಆಸೆ ಯಾಕೆ ಹುಟ್ಟುತ್ತದೆಂಬುದು ಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚಿನಲ್ಲಿ, ಕೋವಿಡ್ ಶುರುವಾದಾಗ, ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ ದೇರಳಕಟ್ಟೆ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ಪಾಡು ಎಲ್ಲರೂ ನೋಡಿದ್ದಾರೆ. ಆದರೂ ಸಮುದಾಯ ಆರೋಗ್ಯ ಕೇಂದ್ರಕ್ಕೆ ಒಂದೇ ಒಂದು ಡಯಾಲಿಸಿಸ್ ಯಂತ್ರ ಕೊಡುವುದು ಬೇಡ.

ಕಾರಣವನ್ನು ನೀರಿನಿಂದಲೇ ಶುರುಮಾಡೋಣ. ಒಂದು ಸೆಷನ್ ನಾಲ್ಕು ಗಂಟೆ. ನಿಮಿಷಕ್ಕೆ 500 ಮಿಲಿ ಲೀಟರಿನಂತೆ ಡಯಾಲಿಸಿಸ್ ದ್ರಾವಣ ಹರಿಯುತ್ತದೆ. ಅಂದರೆ ಒಬ್ಬ ರೋಗಿಗೆ ಒಂದು ಸಲಕ್ಕೆ 120 ಲೀಟರು ಶುದ್ಧ ನೀರು. ನೀರನ್ನು ಪೊರೆಯ ಮೂಲಕ ಸೋಸುವ ಆರ್‌ಒ ಘಟಕ ತನಗೆ ಬಂದ ನೀರಿನಲ್ಲಿ ಅರ್ಧದಷ್ಟನ್ನು ಹೊರಗೆ ಬಿಡುವುದರಿಂದ ಟ್ಯಾಂಕಿಗೆ 200ರಿಂದ 250 ಲೀಟರು ಬರಬೇಕು. ಐದು ಯಂತ್ರ, ದಿನಕ್ಕೆ ಎರಡು ಪಾಳಿ ಎಂದರೆ 2,500 ಲೀಟರು, ಏಪ್ರಿಲ್ ಮೇ ತಿಂಗಳಲ್ಲೂ. ಕಾಸರಗೋಡಿನ ಬೇಸಗೆ ಗೊತ್ತಿರುವವರಿಗೆ ಇದರ ಭಾರ ತಿಳಿಯುತ್ತದೆ. ಬಾವಿ ಬತ್ತುತ್ತದೆ, ಕೊಳವೆಬಾವಿಯಲ್ಲಿ ಕಬ್ಬಿಣದಂಶ, ಹೊಳೆಯ ಕೆಳಭಾಗದಲ್ಲಿ ಉಪ್ಪು. ಕಬ್ಬಿಣ ಮತ್ತು ಗಡಸುತನ ಆರ್‌ಒ ಪೊರೆಯ ತೂತುಗಳನ್ನು ಮುಚ್ಚಿಬಿಡುತ್ತವೆ. ಟ್ಯಾಂಕರಿನಲ್ಲಿ ಬಂದ ಕ್ಲೋರಿನ್ ನೀರು ಇದ್ದಿಲಿನ ಫಿಲ್ಟರನ್ನು ದಾಟಿ ಮುಂದೆ ಹೋದರೆ ಪೊರೆ ಹಾಳಾಗುವುದಷ್ಟೇ ಅಲ್ಲ, ಆ ನೀರಿನಲ್ಲಿರುವ ಕ್ಲೋರಮಿನ್ ರೋಗಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಹಾಗಾಗಿ ಪ್ರತಿ ಪಾಳಿಯ ಮೊದಲು ಕ್ಲೋರಿನ್ ಪರೀಕ್ಷೆ, ನಿಯಮಿತವಾಗಿ ಬ್ಯಾಕ್ಟೀರಿಯಾ ಮತ್ತು ಅವು ಬಿಡುವ ವಿಷವಾದ ಎಂಡೊಟಾಕ್ಸಿನ್ ಪರೀಕ್ಷೆ ಆಗಲೇಬೇಕು.

ಇನ್ನು ಖರ್ಚು. ದಿನಕ್ಕೆ ಎರಡು ಪಾಳಿ, ವಾರಕ್ಕೆ ಆರು ದಿನ ನಡೆದರೆ ಒಂದು ಯಂತ್ರ ವಾರಕ್ಕೆ 12 ಸೆಷನ್ ಕೊಡುತ್ತದೆ. ವಾರಕ್ಕೆ ಮೂರು ಸಲ ಬೇಕಾದವರಾದರೆ ನಾಲ್ಕೇ ರೋಗಿಗಳು. ವರ್ಷಕ್ಕೆ 624 ಸೆಷನ್. ರಕ್ತ ಸೋಸುವ ಡಯಲೈಸರ್, ರಕ್ತನಳಿಗೆ, ಸೂಜಿ, ಎ ಮತ್ತು ಬಿ ದ್ರಾವಣ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಕರೆಂಟು ಎಲ್ಲ ಸೇರಿ ಸೆಷನ್‌ಗೆ ಸಾವಿರ ರೂಪಾಯಿ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ ವರ್ಷಕ್ಕೆ 6,24,000 ರೂಪಾಯಿ. ಹತ್ತಿರಹತ್ತಿರ ಯಂತ್ರದ ಬೆಲೆಯಷ್ಟೇ ಮೊತ್ತ ಪ್ರತಿವರ್ಷವೂ. ಜೊತೆಗೆ ತರಬೇತಾದ ಟೆಕ್ನೀಷಿಯನ್, ನರ್ಸ್, ಮೇಲ್ವಿಚಾರಣೆಗೆ ವೈದ್ಯರು, ರಕ್ತದೊತ್ತಡ ಕುಸಿದರೆ ತಕ್ಷಣ ನೋಡುವ ವ್ಯವಸ್ಥೆ. ಹೆಪಟೈಟಿಸ್ ಬಿ ಇರುವವರಿಗೆ ಬೇರೆಯೇ ಯಂತ್ರ ಮೀಸಲಿಡಬೇಕು, ಒಂದೇ ಯಂತ್ರ ಇದ್ದಲ್ಲಿ ಅದು ಸಾಧ್ಯವೇ ಇಲ್ಲ.

ನಿಮ್ಮ ಸಂಘದವರ ಮನಸ್ಸು ಡಯಾಲಿಸಿಸ್‌ನಲ್ಲೇ ಇದ್ದರೆ ದಾರಿ ಬೇರೆ ಇದೆ. ಈಗಾಗಲೇ ಡಯಾಲಿಸಿಸ್ ನಡೆಯುತ್ತಿರುವ ಹತ್ತಿರದ ತಾಲೂಕು ಮಟ್ಟದ ಆಸ್ಪತ್ರೆಗೆ ಹೋಗಿ, ಅಲ್ಲಿ ಪಾಳಿ ಹೆಚ್ಚಿಸಲು ಏನು ಅಡ್ಡಿ ಎಂದು ಕೇಳಿ. ಕೆಲವೊಮ್ಮೆ ಅದು ಯಂತ್ರವಲ್ಲ, ಇನ್ನೊಂದು ನೀರಿನ ಟ್ಯಾಂಕು, ಆರ್‌ಒ ಪೊರೆ, ಅಥವಾ ಮೂರನೇ ಪಾಳಿಗೆ ಒಬ್ಬ ಟೆಕ್ನೀಷಿಯನ್ನಿನ ವೇತನ. ಎಚ್‌ಎಂಸಿ ದಿನಗೂಲಿ ಆಧಾರದಲ್ಲಿ ಜನ ತೆಗೆದುಕೊಳ್ಳಬಹುದು. ನಿಮ್ಮ ಊರಿನ ಬಡರೋಗಿಗಳ ವಾಹನದ ಖರ್ಚಿಗೆ ಒಂದು ನಿಧಿ ಮಾಡಿದರೂ ತಪ್ಪಿಲ್ಲ. ವಾರಕ್ಕೆ ಮೂರು ಸಲವೆಂದರೆ ವರ್ಷಕ್ಕೆ 156 ಸಲ ಹೋಗಿಬರಬೇಕು, ಹಲವರು ಚಿಕಿತ್ಸೆ ಬಿಡುವುದು ಆಟೋ ಬಾಡಿಗೆಗೆ ಹೆದರಿ.

ಎಕ್ಸ್‌ರೇಯನ್ನು ಕೊಂಡು ತಂದು ಇಡುವ ಹಾಗಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮೋದನೆ ಪಡೆದ ಮಾದರಿಯೇ ಆಗಿರಬೇಕು, ಇಡುವ ಕೋಣೆಯ ನಕ್ಷೆಯೊಂದಿಗೆ ಆಸ್ಪತ್ರೆಯವರು ಆ ಮಂಡಳಿಯ ಆನ್‌ಲೈನ್ ವ್ಯವಸ್ಥೆಯಲ್ಲಿ ಪರವಾನಗಿ ಪಡೆಯಬೇಕು. ಅರ್ಹ ರೇಡಿಯೋಗ್ರಾಫರ್ ಇರಬೇಕು, ಅವರಿಗೆ ವಿಕಿರಣ ಅಳೆಯುವ ಬ್ಯಾಡ್ಜು ಬೇಕು. ಗೋಡೆ 9 ಇಂಚು ಇಟ್ಟಿಗೆಗೆ ಸಮನಾಗಿರಬೇಕು, ಬಾಗಿಲಿಗೆ ಸೀಸದ ಹಾಳೆ ಹೊದೆಸಬೇಕು. ನಮ್ಮಲ್ಲಿ ಹಳೆಯ ಕಟ್ಟಡಗಳು ಮುರಕಲ್ಲಿನವು. ಗೋಡೆ ದಪ್ಪ ಕಂಡರೂ ಕಲ್ಲಿನ ಸಂದುಗಳಲ್ಲಿ ಗಾರೆ ಉದುರಿ ತೂತಾಗಿದ್ದರೆ ವಿಕಿರಣ ಅಲ್ಲಿಂದ ಆಚೆಗೆ ಹೋಗುತ್ತದೆ, ಎರಡೂ ಬದಿ ಗಾರೆ ಮಾಡಿಸಿ ಅಳತೆ ಮಾಡಿಸಬೇಕು. ಬಳಸಿದ ಎಕ್ಸ್‌ರೇ ಯಂತ್ರವನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವುದಕ್ಕೂ ಮಂಡಳಿಯ ಒಪ್ಪಿಗೆ ಬೇಕು. ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬಗ್ಗೆ ಇನ್ನೂ ಎಚ್ಚರ: ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ನೋಂದಣಿ ಇಲ್ಲದ ಜಾಗಕ್ಕೆ ಆ ಯಂತ್ರವನ್ನು ಮಾರುವುದು ಮಾತ್ರವಲ್ಲ, ಪುಕ್ಕಟೆ ಕೊಡುವುದೂ ಅಪರಾಧ. ‘ಸಮಾಜಸೇವೆಗೆ ಕೊಟ್ಟೆವು’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ಒಂಬತ್ತು ಲಕ್ಷಕ್ಕೆ ಒಪ್ಪುವುದು ಯಾವುದು? ಆಸ್ಪತ್ರೆಯ ಪಟ್ಟಿಯೇ ಕೊನೆಯ ಮಾತು. ಆದರೂ ಒಂದು ಅಂದಾಜಿಗೆ ಹೇಳುವುದಾದರೆ, ತುರ್ತು ಚಿಕಿತ್ಸೆಯ ಕೋಣೆಯನ್ನು ಒಂದು ಘಟಕವಾಗಿ ಸಜ್ಜುಗೊಳಿಸುವುದು ಇಷ್ಟು ಹಣಕ್ಕೆ ಸರಿಹೊಂದುವ ಕೆಲಸ. ನಾಡಿ, ಬಿಪಿ, ಆಮ್ಲಜನಕ ಎಲ್ಲ ಒಟ್ಟಿಗೆ ತೋರಿಸುವ ಮಲ್ಟಿಪ್ಯಾರಾ ಮಾನಿಟರು, ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬಡಿತ ಸರಿಪಡಿಸುವ ಡಿಫಿಬ್ರಿಲೇಟರು, ಕಫ ಎಳೆದು ತೆಗೆಯುವ ಸಕ್ಷನ್ ಯಂತ್ರ, ಹಳೆಯ ಇಸಿಜಿಯ ದುರಸ್ತಿ, ನೆಬುಲೈಸರು, ತುರ್ತು ಔಷಧದ ಟ್ರಾಲಿ, ಇವೆಲ್ಲಕ್ಕೂ ಯುಪಿಎಸ್. ಇರುವ ನರ್ಸುಗಳೇ ಇವನ್ನು ನಡೆಸಬಲ್ಲರು, ಹೊಸ ಹುದ್ದೆ ಬೇಡ, ತಿಂಗಳ ಖರ್ಚು ಕಡಿಮೆ. ಮಾನಿಟರಿನ ಜೊತೆಗೆ ರಕ್ತದ ಆಮ್ಲಜನಕ ಅಳೆಯುವ ಒಂದು ಬಿಡಿ ಎಸ್‌ಪಿಒ2 ಸೆನ್ಸರು, ದೊಡ್ಡವರ ಮತ್ತು ಮಕ್ಕಳ ಎರಡೂ ಅಳತೆಯ ಬಿಪಿ ಪಟ್ಟಿ ಈಗಲೇ ಕೊಳ್ಳಿ. ಬೆರಳಿಗೆ ಹಾಕುವ ಸೆನ್ಸರೇ ಮೊದಲು ಹೋಗುವುದು. ಡಿಫಿಬ್ರಿಲೇಟರಿನ ಬ್ಯಾಟರಿ ಮತ್ತು ಪ್ಯಾಡುಗಳಿಗೆ ಅವಧಿ ಇದೆ, ತಾರೀಕು ನೋಡಿ ಬದಲಾಯಿಸುವವರು ಯಾರೆಂದು ನಿರ್ಣಯದಲ್ಲೇ ಹೆಸರಿಲ್ಲದೆ ಹುದ್ದೆಯಿಂದ ಬರೆಸಿ.

ಲ್ಯಾಬಿಗೆ ರಕ್ತಕಣ ಎಣಿಸುವ ಅನಲೈಸರು ಕೇಳಿದರೆ ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ಇದು ಯಾವ ಕಂಪೆನಿಯ ರಾಸಾಯನಿಕವನ್ನಾದರೂ ತೆಗೆದುಕೊಳ್ಳುತ್ತದೆಯೇ, ಅಥವಾ ತನ್ನದೇ ಕಂಪೆನಿಯದನ್ನು ಮಾತ್ರವೇ? ಎರಡನೆಯ ಬಗೆಯ ಯಂತ್ರ ಅಗ್ಗಕ್ಕೆ ಸಿಗುತ್ತದೆ, ಮತ್ತೆ ಜೀವಮಾನವಿಡೀ ಆ ಕಂಪೆನಿ ಹೇಳಿದ ಬೆಲೆಗೆ ರಾಸಾಯನಿಕ. ಬಾಟಲಿ ತೆರೆದ ಮೇಲೆ ಕೆಲವು ವಾರಗಳಲ್ಲಿ ಅದು ಹಾಳಾಗುವುದರಿಂದ, ದಿನಕ್ಕೆ ಐದಾರು ಪರೀಕ್ಷೆ ಮಾತ್ರ ಇರುವಲ್ಲಿ ಅರ್ಧ ಚರಂಡಿಗೆ. ಲಸಿಕೆ ಇಡುವ ಫ್ರಿಜ್ಜು ಕೊಡುವ ಯೋಚನೆ ಬಂದರೆ ಬಿಟ್ಟುಬಿಡಿ, ಅದು ಸರಕಾರದ ಸರಬರಾಜಿನಲ್ಲೇ ಬರುತ್ತದೆ, ಮನೆಯ ಫ್ರಿಜ್ಜು ಅದಕ್ಕೆ ಆಗದು.

ಯಾರೂ ಕೇಳದ, ಆದರೆ ನಮ್ಮ ಜಿಲ್ಲೆಯಲ್ಲಿ ಬಹಳ ಉಪಯೋಗಕ್ಕೆ ಬರುವ ಇನ್ನೊಂದಿದೆ: ಹಾಸಿಗೆ ಹಿಡಿದವರ, ಗುಣವಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವ ಪಾಲಿಯೇಟಿವ್ ಘಟಕಕ್ಕೆ ಎರವಲು ಸಾಮಗ್ರಿ. ಕೇರಳ 2008ರಲ್ಲೇ ಪಾಲಿಯೇಟಿವ್ ಆರೈಕೆಯ ನೀತಿ ತಂದ ರಾಜ್ಯ, ಪಂಚಾಯತಿನ ನರ್ಸ್ ಮನೆಮನೆಗೆ ಹೋಗುತ್ತಾರೆ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯಂಥ ಎಂಡೋಸಲ್ಫಾನ್ ಪೀಡಿತ ಪಂಚಾಯತುಗಳಲ್ಲಿ ಹಾಸಿಗೆ ಹಿಡಿದವರಿರುವ ಮನೆಗಳು ಎಷ್ಟೋ. ಗಾಳಿಹಾಸಿಗೆ, ಎತ್ತರ ಬದಲಾಯಿಸುವ ಮಂಚ, ಕಮೋಡ್ ಕುರ್ಚಿ, ವೀಲ್‌ಚೇರ್, ಸಣ್ಣ ಸಕ್ಷನ್ ಯಂತ್ರ, ಗಾಳಿಯಿಂದಲೇ ಆಮ್ಲಜನಕ ಬೇರ್ಪಡಿಸಿ ಕೊಡುವ 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರು. ಎರಡು ಲಕ್ಷದಲ್ಲಿ ಒಂದು ಒಳ್ಳೆಯ ಎರವಲು ಸಂಗ್ರಹ ಆಗುತ್ತದೆ. ಕಾನ್ಸಂಟ್ರೇಟರನ್ನು ಮಾತ್ರ ಬಳಸದೆ ಇಡಬಾರದು. ಮಳೆಗಾಲದ ತೇವಕ್ಕೆ ಒಳಗೆ ಸಾರಜನಕ ಹೀರುವ ಜಿಯೋಲೈಟ್ ಹರಳು ಕೆಟ್ಟು, ಯಂತ್ರ ಸದ್ದು ಮಾಡುತ್ತಿದ್ದರೂ ಬರುವ ಗಾಳಿಯಲ್ಲಿ ಬೇಕಾದಷ್ಟು ಆಮ್ಲಜನಕ ಇರುವುದಿಲ್ಲ. ತಿಂಗಳಿಗೊಮ್ಮೆ ಕೆಲವು ಗಂಟೆ ಓಡಿಸಿ, ಆಮ್ಲಜನಕದ ಪ್ರಮಾಣ ಅಳೆದು, ಫಿಲ್ಟರು ತೊಳೆದಿಡಬೇಕು. ಕೋವಿಡ್ ಕಾಲದಲ್ಲಿ ದಾನ ಬಂದ ಯಂತ್ರಗಳನ್ನು ಮರುಬಳಕೆಗೆ ತೆಗೆಯುವ ಮೊದಲೂ ಈ ಪರೀಕ್ಷೆ ಆಗಲಿ.

ಹಣ ಹಂಚುವ ಲೆಕ್ಕ. ಯಂತ್ರಗಳಿಗೆ ಐದು ಲಕ್ಷ ಎಂದಿಟ್ಟುಕೊಳ್ಳಿ. ಮೂರು ವರ್ಷ ವಾರಂಟಿ ಕೇಳಿ ಪಡೆಯಿರಿ. ನಾಲ್ಕನೇ ವರ್ಷದಿಂದ ಬಿಡಿಭಾಗವೂ ಸೇರಿದ ನಿರ್ವಹಣಾ ಒಪ್ಪಂದ, ಅಂದರೆ ಸಿಎಂಸಿ, ಯಂತ್ರದ ಬೆಲೆಯ ಶೇ. 5ರಿಂದ 8ರವರೆಗೆ ಇರುತ್ತದೆ. ಶೇ. 6 ಹಿಡಿದರೆ ವರ್ಷಕ್ಕೆ 30,000, ಐದು ವರ್ಷಕ್ಕೆ ಒಂದೂವರೆ ಲಕ್ಷ, ಶೇ. 18 ಜಿಎಸ್‌ಟಿ ಸೇರಿ 1,77,000. ಎಎಂಸಿ ಎಂಬ ಇನ್ನೊಂದು ಬಗೆ ಅಗ್ಗ, ಆದರೆ ಅದರಲ್ಲಿ ಬಿಡಿಭಾಗದ ಹಣ ಬೇರೆ. ಎಂಜಿನಿಯರು ಬಂದು ನೋಡಿ ‘ಬೋರ್ಡು ಹೋಗಿದೆ’ ಎಂದು ಹೇಳಿಹೋಗುವುದಕ್ಕೆ ಕೊಡುವ ಸಂಬಳ ಅದು. ಎರಡು ಲಕ್ಷವನ್ನು ಎಚ್‌ಎಂಸಿ ಹೆಸರಿನಲ್ಲಿ ನಿಶ್ಚಿತ ಠೇವಣಿ ಮಾಡಿ, ‘ಈ ಯಂತ್ರಗಳ ನಿರ್ವಹಣೆಗೆ ಮಾತ್ರ’ ಎಂದು ನಿರ್ಣಯ ಬರೆಸಿ. ಸಿಎಂಸಿ ದರವನ್ನು ಯಂತ್ರ ಕೊಳ್ಳುವ ದಿನವೇ ಲಿಖಿತವಾಗಿ ತೆಗೆದುಕೊಳ್ಳಬೇಕು, ಕೊಂಡಾದ ಮೇಲೆ ಕೇಳಿದರೆ ದರ ಅವರದು.

ಇನ್ನೊಂದು ಲಕ್ಷ ವಿದ್ಯುತ್ತಿಗೆ. ಇಲ್ಲಿ ಜನ ಕೈ ಬಿಗಿ ಹಿಡಿಯುತ್ತಾರೆ, ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದ ಹಾಗೆ. ನಮ್ಮ ಕಡೆ ಅಕ್ಟೋಬರ್, ನವೆಂಬರಿನ ಸಂಜೆಯ ಸಿಡಿಲು ಎಷ್ಟು ಟಿವಿ, ಮೋಡೆಮುಗಳನ್ನು ಸುಡುತ್ತದೆಂದು ಎಲ್ಲರಿಗೂ ಗೊತ್ತು. ಆಸ್ಪತ್ರೆಯ ಯಂತ್ರಕ್ಕೂ ಅದೇ ಗತಿ. ಮುಖ್ಯ ಪ್ಯಾನೆಲಿನಲ್ಲಿ ಸರ್ಜ್ ತಡೆ ಸಾಧನ (ವಿದ್ಯುತ್ತಿನ ಹಠಾತ್ ಏರಿಕೆ ತಡೆಯುವಂಥದು), ಯಂತ್ರಗಳಿಗೆ ಪ್ರತ್ಯೇಕ ಅರ್ತಿಂಗ್ ಬೇಕು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಅರ್ತಿಂಗಿನ ತಡೆ ಏರುತ್ತದೆ. ಮಳೆಗಾಲದಲ್ಲಿ ಅಳೆದು ಚೆನ್ನಾಗಿದೆ ಎಂದು ಬರೆದ ಸರ್ಟಿಫಿಕೇಟಿಗೆ ಅರ್ಥವಿಲ್ಲ, ಏಪ್ರಿಲಿನಲ್ಲಿ ಅಳೆಸಿ. ಸೂಕ್ಷ್ಮ ಉಪಕರಣಗಳಿಗೆ ಸಾಮಾನ್ಯವಾಗಿ 1 ಓಮಿಗಿಂತ ಕಡಿಮೆ ಕೇಳುತ್ತಾರೆ. ಜನರೇಟರು ಇದ್ದರೂ ಅದು ಹತ್ತಿಕೊಳ್ಳುವವರೆಗಿನ ಅರೆನಿಮಿಷಕ್ಕೆ ಯುಪಿಎಸ್ ಬೇಕು.

ಇಷ್ಟರ ಮೇಲೆ ಉಳಿಯುವ ಲಕ್ಷದಲ್ಲಿ ಮೊದಲ ವರ್ಷದ ಕಾಗದ, ಜೆಲ್ಲು, ಪ್ಯಾಡುಗಳು ಬರುತ್ತವೆ, ಸ್ವಲ್ಪ ಕೈಯಲ್ಲಿರಲಿ. ಮುಂದಿನ ವರ್ಷಗಳ ಬಳಕೆ ಸಾಮಗ್ರಿಯನ್ನು ಪಂಚಾಯತಿನ ವಾರ್ಷಿಕ ಯೋಜನೆಯಲ್ಲಿ ಸೇರಿಸಿಕೊಳ್ಳಬಹುದು. ಅದಕ್ಕೆ ಗ್ರಾಮಸಭೆ, ಆರೋಗ್ಯ ವರ್ಕಿಂಗ್ ಗ್ರೂಪಿನ ಹಂತದಲ್ಲೇ, ಅಂದರೆ ಹಣಕಾಸು ವರ್ಷ ಮುಗಿಯುವ ತಿಂಗಳುಗಳ ಮೊದಲೇ, ವಿಷಯ ಎತ್ತಬೇಕು. ಕೋಣೆಯ ದುರಸ್ತಿಯನ್ನು ಶಾಸಕರ ನಿಧಿಯಿಂದ ಕೇಳಿ. ಕೊಡುವವರು ಎಷ್ಟು ದೊಡ್ಡವರಾದರೂ ಮುಂದಿನ ಖರ್ಚಿನ ಪ್ರಶ್ನೆ ತಪ್ಪುವುದಿಲ್ಲ. ಚಟ್ಟಂಚಾಲಿನ ಬಳಿ ತೆಕ್ಕಿಲಿನಲ್ಲಿ ಟಾಟಾ ಸಮೂಹ ಕಂಟೈನರ್ ಮಾದರಿಯ ಘಟಕಗಳಿಂದ ಕಟ್ಟಿಕೊಟ್ಟ ಕೋವಿಡ್ ಆಸ್ಪತ್ರೆ 2020ರ ಸೆಪ್ಟೆಂಬರಿನಲ್ಲಿ ಸರಕಾರದ ಕೈಗೆ ಬಂತು. ಕಷ್ಟಕಾಲಕ್ಕೆ ಆದದ್ದು ನಿಜ, ಕೋವಿಡ್ ಇಳಿದ ಮೇಲೆ ಅದನ್ನು ಏನು ಮಾಡುವುದೆಂಬುದೇ ಚರ್ಚೆಯಾಯಿತು.

ಹಣ ಕೊಡುವುದೇ, ವಸ್ತುವೇ ಎಂದು ಕೇಳಿದ್ದೀರಿ. ಎಚ್‌ಎಂಸಿ ಖಾತೆಗೆ ಹಣ ಕಟ್ಟಿದರೆ ಸರಕಾರಿ ಖರೀದಿಯ ನಿಯಮಗಳಿರುವ ಸ್ಟೋರ್ಸ್ ಪರ್ಚೇಸ್ ಮ್ಯಾನುವಲಿನಂತೆ ಕೊಟೇಷನ್, ಟೆಂಡರು ಆಗಬೇಕು. ಲೆಕ್ಕ ಚೊಕ್ಕ, ಆದರೆ ನಿಧಾನ. ನೀವೇ ಕೊಂಡು ಕೊಟ್ಟರೆ ಬೇಗ ಆಗುತ್ತದೆ, ಆದರೆ ತಪ್ಪು ಮಾದರಿ ಬಂದರೆ ಹೊಣೆ ನಿಮ್ಮದು. ಈ ಮೊತ್ತಕ್ಕೆ ಎರಡನೆಯದು ವಾಸಿ, ಒಂದು ಕಟ್ಟುಪಾಡಿನೊಂದಿಗೆ: ಸ್ಪೆಸಿಫಿಕೇಷನ್ ಆಸ್ಪತ್ರೆಯವರೇ ಬರೆದುಕೊಡಬೇಕು, ಸಾಧ್ಯವಾದರೆ ಜಿಲ್ಲಾ ವೈದ್ಯಾಧಿಕಾರಿ ಕಚೇರಿಯ ಮೂಲಕ ಬಯೋಮೆಡಿಕಲ್ ಎಂಜಿನಿಯರಿಗೆ ತೋರಿಸಬೇಕು. ಮೂರು ಕೊಟೇಷನ್ ತರಿಸಿ. 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ವೈದ್ಯಕೀಯ ಉಪಕರಣಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದಿದೆ, ಹಳೆಯ ದರ ಹಾಕಿದ ಕೊಟೇಷನ್ ಬಂದರೆ ಹಿಂದಕ್ಕೆ ಕೊಡಿ.

ಗಡಿಯವರಿಗೆ ವಿಶೇಷವಾಗಿ ಒಂದು ಮಾತು. ಮಂಗಳೂರು ಹತ್ತಿರ, ಡೀಲರು ಪರಿಚಿತ, ಹಾಗಾಗಿ ಅಲ್ಲಿಂದಲೇ ತರುವ ಅಭ್ಯಾಸ. ಆದರೆ ಅನೇಕ ಕಂಪೆನಿಗಳ ಸರ್ವಿಸ್ ವಲಯ ರಾಜ್ಯವಾರು. ಯಂತ್ರ ಕೆಟ್ಟಾಗ ಮಂಗಳೂರಿನವರು ‘ಕೇರಳದ್ದು, ಕೊಚ್ಚಿಗೆ ಹೇಳಿ’ ಅನ್ನುತ್ತಾರೆ, ಕೊಚ್ಚಿಯವರು ‘ನಮ್ಮ ಡೀಲರಿನಿಂದ ಹೋದದ್ದಲ್ಲ’ ಅನ್ನುತ್ತಾರೆ. ಯಾವ ಊರಿನ ಎಂಜಿನಿಯರು, ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಬರಬೇಕು ಎಂಬುದನ್ನು ಆರ್ಡರಿನಲ್ಲೇ ಬರೆಸಿ. ವಾರಂಟಿ ಇನ್‌ವಾಯ್ಸಿನ ದಿನದಿಂದಲ್ಲ, ಜೋಡಿಸಿ ನಡೆಸಿ ತೋರಿಸಿದ ದಿನದಿಂದ ಶುರುವಾಗಬೇಕು. ಹಣವನ್ನೂ ಹಂತಹಂತವಾಗಿ ಕೊಡಿ, ಹತ್ತರಲ್ಲಿ ಒಂದು ಪಾಲನ್ನು ನರ್ಸುಗಳ ತರಬೇತಿ ಮುಗಿಯುವವರೆಗೆ ಹಿಡಿದಿಡಿ. ಉದ್ಘಾಟನೆಗೆ ಮಂತ್ರಿಗಳ ದಿನ ಸಿಗಲೆಂದು ಯಂತ್ರವನ್ನು ಪೆಟ್ಟಿಗೆಯಲ್ಲೇ ಮೂರು ತಿಂಗಳು ಕಾಯಿಸುವವರಿದ್ದಾರೆ. ಆ ಮೂರು ತಿಂಗಳು ರೋಗಿಗಳದ್ದು. ಮೊದಲು ನಡೆಯಲಿ, ರಿಬ್ಬನ್ ಆಮೇಲೆ ಕತ್ತರಿಸಿದರಾಯಿತು.

ಗಲ್ಫಿನ ಹಣದ ವಿಷಯ ಎಚ್ಚರದಿಂದ ಓದಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಲೆಕ್ಕದಲ್ಲಿ ವಿದೇಶಿ ದೇಣಿಗೆಯಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರು, ಅಲ್ಲಿನ ಕಂಪೆನಿ, ಅಲ್ಲಿ ನೋಂದಾಯಿಸಿದ ಸಂಘ ಕಳಿಸಿದರೆ ಅದು ವಿದೇಶಿ ದೇಣಿಗೆ, ಕಾಯ್ದೆಯಡಿ ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಆದ್ದರಿಂದ ಹತ್ತು ಜನರಿಂದ ಒಟ್ಟುಮಾಡಿ ಒಬ್ಬರು ಕಳಿಸುವುದು ಬೇಡ, ಪ್ರತಿಯೊಬ್ಬರೂ ತಮ್ಮ ಖಾತೆಯಿಂದಲೇ ಕಳಿಸಲಿ. ಹವಾಲಾ ದಾರಿಯ ಮಾತೇ ಬೇಡ. ಯುಎಇಯಲ್ಲಿ ಪರವಾನಗಿ ಇಲ್ಲದೆ ದೇಣಿಗೆ ಎತ್ತುವುದೇ ಅಲ್ಲಿನ ಕಾನೂನಿಗೆ ವಿರುದ್ಧ, ವಾಟ್ಸಾಪ್ ಗುಂಪಿನಲ್ಲಿ ಕರೆ ಕೊಟ್ಟರೂ ಸಿಕ್ಕಿಬೀಳಬಹುದು. ಅಲ್ಲಿರುವವರಿಗೆ ಇದನ್ನು ಮೊದಲೇ ತಿಳಿಸಿ.

ದುಬೈಯಿಂದ ಬಳಸಿದ ವೆಂಟಿಲೇಟರು ತರುವ ಯೋಜನೆ ಕೈಬಿಡಿ. ಬಳಸಿದ ತೀವ್ರನಿಗಾ ಉಪಕರಣಗಳ ಆಮದನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ನಿಷೇಧಿಸಿವೆ, ಸರಕು ಬಂದರಿನಲ್ಲೇ ನಿಲ್ಲುತ್ತದೆ. ಬಂದಿತೆಂದೇ ಇಟ್ಟುಕೊಳ್ಳಿ, ಮಾದರಿ ಹಳತಾಯಿತೆಂದು ಅಲ್ಲಿ ತೆಗೆದುಹಾಕಿದ ಯಂತ್ರಕ್ಕೆ ಇಲ್ಲಿ ಬಿಡಿಭಾಗ ಯಾರು ಕೊಡುತ್ತಾರೆ? ವೆಂಟಿಲೇಟರು ನಡೆಸುವ ತೀವ್ರನಿಗಾ ಘಟಕ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಇರುವುದೂ ಇಲ್ಲ.

ಸಂಘ ನೋಂದಣಿಯಾಗಿಲ್ಲದಿದ್ದರೆ ಈಗ ಮಾಡಿಸಿ. ಮಲಬಾರ್ ಭಾಗವಾದ ನಮ್ಮ ಜಿಲ್ಲೆಗೆ 1860ರ ಸಂಘಗಳ ನೋಂದಣಿ ಕಾಯ್ದೆ ಅನ್ವಯಿಸುತ್ತದೆ. ಸಂಘದ ಹೆಸರಿನಲ್ಲೇ, ಇಬ್ಬರ ಸಹಿಯ ಬ್ಯಾಂಕ್ ಖಾತೆ ಇರಲಿ. ಕೋಶಾಧಿಕಾರಿಯ ಸ್ವಂತ ಖಾತೆಯ ಕ್ಯೂಆರ್ ಕೋಡ್ ಹಂಚಿದರೆ ನಾಳೆ ಆದಾಯ ತೆರಿಗೆಯವರ ಪ್ರಶ್ನೆಗೆ ಉತ್ತರಿಸಬೇಕಾದವರು ಅವರೊಬ್ಬರೇ. ದಾನಿಗಳು 80ಜಿ ಎಂದು ಕರೆಯುವ ಆದಾಯ ತೆರಿಗೆಯ ವಿನಾಯಿತಿ ಕೇಳಿದರೆ ಸುಳ್ಳು ಭರವಸೆ ಕೊಡಬೇಡಿ: ಅದಕ್ಕೆ ಸಂಘಕ್ಕೆ ಪ್ರತ್ಯೇಕ ನೋಂದಣಿ ಬೇಕು, 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಬ್ರಹ್ಮಕಲಶದ ಸಮಿತಿಗಳಲ್ಲಿ ದುಡಿದವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ನಂಬ್ರ ಹಾಕಿದ ರಶೀದಿ ಪುಸ್ತಕ, ಉಳಿದ ಪುಸ್ತಕ ವಾಪಸು ಪಡೆಯುವ ಶಿಸ್ತು, ಕೊನೆಗೆ ಲೆಕ್ಕ ಮಂಡನೆ ಅವರಿಗೆ ಕರತಲಾಮಲಕ, ಆ ಕೆಲಸ ಅವರಿಗೇ ವಹಿಸಿ.

ಹಸ್ತಾಂತರದ ದಿನ ಕೈಬದಲಾಗಬೇಕಾದ ಕಾಗದಗಳು: ಯಂತ್ರದ ಸೀರಿಯಲ್ ನಂಬ್ರ ಇರುವ ಹಸ್ತಾಂತರ ಪತ್ರ, ‘ಇಂಥ ಆಸ್ಪತ್ರೆಗೆ ಕೊಡುಗೆಯಾಗಿ’ ಎಂದು ಬರೆಸಿದ ಇನ್‌ವಾಯ್ಸು, ಮೆಡಿಕಲ್ ಆಫೀಸರರ ಹೆಸರಿಗಲ್ಲದೆ ಆಸ್ಪತ್ರೆಯ ಹೆಸರಿಗೆ ಬರೆದ ವಾರಂಟಿ, ಮ್ಯಾನುವಲ್, ಜೋಡಣೆಯ ವರದಿ, ಸಿಎಂಸಿ ದರದ ಪತ್ರ, ಠೇವಣಿಯ ನಿರ್ಣಯದ ಪ್ರತಿ. ಬದಲಿಗೆ ನೀವು ಪಡೆಯಬೇಕಾದದ್ದು ಸ್ಟಾಕ್ ರಿಜಿಸ್ಟರಿನ ಪುಟ ಸಂಖ್ಯೆ ಬರೆದ ಸ್ವೀಕೃತಿ. ಅದು ಕೈಗೆ ಬರುವವರೆಗೆ ಆಸ್ಪತ್ರೆಯಿಂದ ಏಳಬೇಡಿ. ರಿಜಿಸ್ಟರಿಗೆ ಏರಿದ ಮೇಲೆ ಯಂತ್ರ ಸರಕಾರದ ಸೊತ್ತು, ಮುಂದೆ ಮನಸ್ತಾಪ ಬಂದರೂ ‘ನಮ್ಮದು, ಒಯ್ಯುತ್ತೇವೆ’ ಅನ್ನುವಂತಿಲ್ಲ. ಹಳೆಯ ಇಸಿಜಿಯನ್ನೂ ಇದೇ ಸಲ ಲೆಕ್ಕಕ್ಕೆ ಏರಿಸಿಬಿಡಿ. ವರ್ಷಕ್ಕೊಮ್ಮೆ ಯಂತ್ರ ಎಷ್ಟು ದಿನ ನಿಂತಿತ್ತು, ಯಾಕೆ ಎಂಬ ವರದಿಯನ್ನು ಎಚ್‌ಎಂಸಿ ಸಭೆಯಲ್ಲಿಡಬೇಕೆಂದು ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ, ನಿಮ್ಮ ಸಂಘದ ಒಬ್ಬರು ಆ ಸಭೆಗೆ ಹೋಗಲಿ.

ಪತ್ರಗಳನ್ನು ಕನ್ನಡದಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ನಿರ್ಣಯ ಪುಸ್ತಕ ಮಲಯಾಳದಲ್ಲಿದ್ದರೆ ಅದರ ಪ್ರತಿ ಪಡೆದು, ಬಲ್ಲವರಿಂದ ಓದಿಸಿ, ಠೇವಣಿ ಮತ್ತು ನಿರ್ವಹಣೆಯ ಸಾಲುಗಳು ನೀವು ಒಪ್ಪಿದಂತೆಯೇ ಇವೆಯೇ ಎಂದು ನೋಡಿಕೊಂಡು ಆಮೇಲೆ ಆರ್ಡರ್ ಕೊಡಿ. ಯಂತ್ರದ ಪಕ್ಕದ ಗೋಡೆಗೆ ಕನ್ನಡ, ಮಲಯಾಳ ಎರಡರಲ್ಲೂ ಒಂದು ಫಲಕ ಅಂಟಿಸಿ. ಅದರಲ್ಲಿ ದಾನಿಗಳ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಸರ್ವಿಸ್ ಫೋನ್ ನಂಬ್ರ, ಸೀರಿಯಲ್ ನಂಬ್ರ, ವಾರಂಟಿ ಮುಗಿಯುವ ತಾರೀಕು ಇರಲಿ.